ಶಂಶಾಬಾದಿನಲ್ಲಿ ಕಳಚಿಬಿದ್ದ ಡಬ್ಬಿ

ಹೈದರಾಬಾದಿನಿಂದ ಬೆಂಗಳೂರಿಗೆ ಹೊರಡುವ ಕನ್ನಡಿಗನಿಗೆ ಶಂಶಾಬಾದು ಹೊಸ ಹೆಸರೇನೂ ಅಲ್ಲ. ಹಿಂದೆ 7ನೆಯ ನಂಬರಿನದಾಗಿದ್ದು ಈಗ 44ನೆಯ ನಂಬರು ಪಡೆದಿರುವ ರಾಷ್ಟ್ರೀಯ ಹೆದ್ದಾರಿ ಈ ಊರನ್ನು ಹಾದೇ ಮೆಹಬೂಬನಗರ, ಕರ್ನೂಲುಗಳ ಕಡೆಗೆ ಸಾಗುತ್ತದೆ. ನಿಜಾಮರ ಕಾಲದಲ್ಲಿ ಈ ಊರು ಪೈಗಾ ಸರದಾರರ ಜಹಗೀರು. ಆ ಮನೆತನದವರಿಗಿದ್ದ ಶಂಸ್-ಉಲ್-ಉಮ್ರಾ ಎಂಬ ಬಿರುದೇ ಊರಿನ ಹೆಸರಿನಲ್ಲಿ ಉಳಿದಿದೆ. ನಮ್ಮ ಆಳಂದ, ಚಿಟಗುಪ್ಪಗಳೂ ಅದೇ ಪೈಗಾ ಜಹಗೀರುಗಳಿಗೆ ಸೇರಿದ್ದವೆಂಬುದನ್ನು ಹಳಬರು ಇನ್ನೂ ನೆನೆಯುತ್ತಾರೆ. 2008ರ ಮಾರ್ಚಿಯಲ್ಲಿ ಇಲ್ಲಿ ವಿಮಾನ ನಿಲ್ದಾಣ ಬಂದಿತು. ಅದೇ ವರ್ಷದ ನವೆಂಬರಿನಲ್ಲಿ ಗಚ್ಚಿಬೌಲಿಯಿಂದ ಇಲ್ಲಿಯವರೆಗೆ ಹೊರವರ್ತುಲ ರಸ್ತೆಯ ಮೊದಲ ಭಾಗ ತೆರೆಯಿತು. ಗಾಡಿಗಳು ಹೆಚ್ಚಿದಂತೆ ಗಾಡಿ ರಿಪೇರಿಯವರೂ ಹೆಚ್ಚಿದರು. ಆ ಪೈಕಿ ಒಬ್ಬ ಉಸ್ತಾದನ ತಗಡಿನ ಚಪ್ಪರದ ಕೆಳಗೆ ನಾವು ಕೆಲವು ವರ್ಷಗಳ ಹಿಂದೆ ಕಳೆದ ಎರಡು ಭಾನುವಾರಗಳೇ ಈ ಲೇಖನಕ್ಕೆ ಕಾರಣ.

ನಾವಿರುವ ಕಟ್ಟಡದ ಮೊದಲ ಅಂತಸ್ತಿನಲ್ಲಿ ಬೀದರ ಕಡೆಯ ಒಂದು ಸಂಸಾರವಿದೆ. ಅವರ ಮಗ ಒಂದು ಹಳೆಯ ಕಾರನ್ನು, 2008ರ ಮಾದರಿಯದನ್ನು, ಕೊಂಡು ತಂದು ಅದರ ಮೇಲೆ ತನ್ನ ಸಂಬಳವನ್ನೆಲ್ಲ ಸುರಿಯುತ್ತಿದ್ದ. ಒಂದು ದಿನ ನಮ್ಮನ್ನು ಕೆಳಗೆ ಕರೆದು, “ಕಾಕಾ, ಹೆಡರ್ ಹಾಕಿಸೀನಿ, ಈಗ ಹೆಂಗ ಓಡತದ ನೋಡ್ರಿ” ಎಂದು ಹೆಮ್ಮೆಯಿಂದ ಬಾನೆಟ್ ಎತ್ತಿ ತೋರಿಸಿದ. ಎಂಜಿನ್ನಿನ ಮಗ್ಗುಲಲ್ಲಿದ್ದ ಎರಕದ ಕಬ್ಬಿಣದ ಮ್ಯಾನಿಫೋಲ್ಡು ಹೋಗಿ, ಅದರ ಜಾಗದಲ್ಲಿ ಬಳುಕಿದ ನಾಲ್ಕು ಸ್ಟೀಲ್ ಕೊಳವೆಗಳು ಹೊಳೆಯುತ್ತಿದ್ದವು. ಗಾಡಿ ಓಡುವುದೇನೋ ಚೆನ್ನಾಗಿಯೇ ಓಡಿತು. ಆದರೆ ವಾರ ಕಳೆಯುವುದರೊಳಗೆ ಅವನ ತಾಯಿ ನಮ್ಮ ಮನೆಯವರ ಬಳಿ ಬಂದು, “ಮುಂಜಾನೆ ಅಂವ ಗಾಡಿ ಚಾಲೂ ಮಾಡಿದ್ರ ಅಡಗಿಮನ್ಯಾಗ ನಿಂದರಲಾಕ ಆಗಲ್ರಿ, ಕಣ್ಣು ಉರಿತಾವ್ರಿ” ಎಂದರು. ಅವರ ಅಡುಗೆಮನೆಯ ಕಿಟಕಿ ಗಾಡಿ ನಿಲ್ಲಿಸುವ ಜಾಗದ ನೇರ ಮೇಲಕ್ಕಿದೆ.

ವಿಚಾರಿಸಿದಾಗ ಸಂಗತಿ ತಿಳಿಯಿತು. ಹೆಡರ್ ಕೂರಿಸುವಾಗ ಮ್ಯಾನಿಫೋಲ್ಡಿನ ಕೆಳಗೇ ಅಂಟಿಕೊಂಡಿದ್ದ ಕ್ಯಾಟಲಿಟಿಕ್ ಕನ್ವರ್ಟರನ್ನು, ಮೆಕ್ಯಾನಿಕ್ಕುಗಳು ಕ್ಯಾಟ್‌ಕಾನ್ ಎನ್ನುವ ಡಬ್ಬಿಯನ್ನು, ಬೇಡವೆಂದು ಕಳಚಿ ಹಾಕಿದ್ದರು. “ಅದಿದ್ದರೆ ಎಂಜಿನ್ನಿಗೆ ಉಸಿರು ಕಟ್ಟುತ್ತದೆ” ಎಂಬುದು ಉಸ್ತಾದನ ಸಮಜಾಯಿಷಿ. ಅವನು ಮೋಸಗಾರನಲ್ಲ, ಕಲಿತದ್ದನ್ನು ಪ್ರಾಮಾಣಿಕವಾಗಿ ಮಾಡಿದ್ದ. ಆ ಡಬ್ಬಿ ಏಕೆ ಅಲ್ಲಿತ್ತು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಅದನ್ನು ಹೇಳಬೇಕಾದರೆ ಎಪ್ಪತ್ತು ವರ್ಷಗಳಿಗೂ ಹಿಂದಿನಿಂದ ಹೊರಡಬೇಕಾಗುತ್ತದೆ. ವಾಚಕರು ತಾಳ್ಮೆಯಿಂದ ನಮ್ಮೊಡನೆ ಸ್ವಲ್ಪ ದೂರ ಬರಬೇಕು.

ಎರಡನೆಯ ಮಹಾಯುದ್ಧದ ಸುಮಾರಿಗೆ ಅಮೆರಿಕದ ಲಾಸ್ ಏಂಜಲೀಸ್ ನಗರದ ಮೇಲೆ ಕಂದು ಬಣ್ಣದ ಹೊಗೆಮಂಜು ಕವಿಯತೊಡಗಿತು. ಜನರ ಕಣ್ಣು ಉರಿಯಿತು, ಗಿಡಗಳ ಎಲೆ ಬಾಡಿತು. ಕಾರ್ಖಾನೆಗಳೇ ಇದಕ್ಕೆ ಕಾರಣವೆಂದು ಬಹಳ ಮಂದಿ ನಂಬಿದ್ದರು. ಹಾಲೆಂಡಿನಿಂದ ಬಂದು ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ್ದ ಆರೀ ಹಾಗೆನ್-ಸ್ಮಿಟ್ ಎಂಬ ರಸಾಯನಶಾಸ್ತ್ರಜ್ಞರು 1950ರ ಆಚೀಚೆ ನಿಜವಾದ ಕಾರಣವನ್ನು ಕಂಡುಹಿಡಿದರು. ಕಾರುಗಳ ಕೊಳವೆಯಿಂದ ಉರಿಯದೆ ಹೊರಬೀಳುವ ಪೆಟ್ರೋಲಿನ ಆವಿಯೂ ಸಾರಜನಕದ ಆಕ್ಸೈಡುಗಳೂ ಬಿಸಿಲಿನಲ್ಲಿ ಬೆರೆತು ಓಜೋನ್ ಮೊದಲಾದ ಉರಿಗಾಳಿಗಳಾಗುತ್ತವೆ ಎಂದು ಅವರು ತೋರಿಸಿಕೊಟ್ಟರು.

ಇದನ್ನು ಓದಿ ಕಳವಳಗೊಂಡವರಲ್ಲಿ ಯೂಜೀನ್ ಹೂಡ್ರಿ ಒಬ್ಬರು. ಫ್ರಾನ್ಸಿನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಈ ಎಂಜಿನಿಯರು ಕ್ರಿಯಾವರ್ಧಕಗಳ ನೆರವಿನಿಂದ ಕಚ್ಚಾತೈಲವನ್ನು ಒಡೆದು ಒಳ್ಳೆಯ ಪೆಟ್ರೋಲು ತೆಗೆಯುವ ವಿಧಾನವನ್ನು 1930ರ ದಶಕದಲ್ಲೇ ಬಳಕೆಗೆ ತಂದು ಹೆಸರಾಗಿದ್ದರು. ಕ್ರಿಯಾವರ್ಧಕವೆಂದರೆ ತಾನು ಖರ್ಚಾಗದೆ ಇತರ ವಸ್ತುಗಳ ನಡುವಿನ ರಾಸಾಯನಿಕ ಕ್ರಿಯೆಯನ್ನು ಬೇಗ ಆಗುವಂತೆ ಮಾಡುವ ವಸ್ತು. ಮದುವೆ ಕೂಡಿಸಿಕೊಟ್ಟು ತಾನು ಮಾತ್ರ ಇದ್ದ ಹಾಗೇ ಇರುವ ದಲ್ಲಾಳಿಯಂತೆ ಎನ್ನಬಹುದು. ಪೆಟ್ರೋಲು ಮಾಡಲು ಬಳಸಿದ ಈ ವಿದ್ಯೆಯನ್ನೇ ಪೆಟ್ರೋಲಿನ ಹೊಗೆ ತೊಳೆಯಲು ಏಕೆ ಬಳಸಬಾರದು ಎಂದು ಹೂಡ್ರಿ ಯೋಚಿಸಿದರು. ಹೊಗೆಕೊಳವೆಯಲ್ಲಿ ಕೂರಿಸುವ ಡಬ್ಬಿಗಾಗಿ 1956ರಲ್ಲಿ ಅವರಿಗೆ ಪೇಟೆಂಟ್ ದೊರೆಯಿತು.

ಡಬ್ಬಿ ಕೆಲಸ ಮಾಡಿತು, ಆದರೆ ಕಾರಿನಲ್ಲಿ ಬಾಳಲಿಲ್ಲ. ಕಾರಣ ಸೀಸ. 1921ರಲ್ಲಿ ಜನರಲ್ ಮೋಟಾರ್ಸ್ ಕಂಪನಿಯ ಥಾಮಸ್ ಮಿಜ್ಲಿ ಎಂಬವರು, ಎಂಜಿನ್ನು ಬಡಿಯುವುದನ್ನು ತಡೆಯಲು ಪೆಟ್ರೋಲಿಗೆ ಸೀಸದ ಒಂದು ಸಂಯುಕ್ತವನ್ನು ಬೆರೆಸಬಹುದೆಂದು ಕಂಡುಕೊಂಡಿದ್ದರು. ಅಲ್ಲಿಂದ ಮುಂದೆ ಲೋಕದ ಪೆಟ್ರೋಲೆಲ್ಲ ಸೀಸದ ಪೆಟ್ರೋಲಾಯಿತು. ಈ ಸೀಸ ಕ್ರಿಯಾವರ್ಧಕದ ಮೇಲೆ ಸುಣ್ಣ ಬಳಿದಂತೆ ಕೂತು ಅದನ್ನು ನಿಷ್ಪ್ರಯೋಜಕಗೊಳಿಸುತ್ತದೆ. ಹೂಡ್ರಿಯವರು 1962ರಲ್ಲಿ ತೀರಿಕೊಂಡಾಗ ಅವರ ಡಬ್ಬಿಗೆ ರಸ್ತೆಯ ಕಾರುಗಳಲ್ಲಿ ಸ್ಥಾನ ಸಿಕ್ಕಿರಲಿಲ್ಲ. ಅದಕ್ಕೆ ಮೊದಲು ಪೆಟ್ರೋಲು ಬದಲಾಗಬೇಕಿತ್ತು.

ಪೆಟ್ರೋಲು ಬದಲಾದದ್ದು ಕಾನೂನಿನ ಬಲದಿಂದ. 1970ರಲ್ಲಿ ಅಮೆರಿಕದ ಸಂಸತ್ತು ಶುದ್ಧ ವಾಯು ಕಾಯಿದೆಯನ್ನು ಬಿಗಿಗೊಳಿಸಿತು. ಡಬ್ಬಿಯಿರುವ ಕಾರುಗಳು ಬರುವ ಮುನ್ನವೇ, 1974ರ ಜುಲೈಯಿಂದ, ಬಂಕುಗಳಲ್ಲಿ ಸೀಸವಿಲ್ಲದ ಪೆಟ್ರೋಲು ಸಿಗುವಂತೆ ಸರ್ಕಾರ ನೋಡಿಕೊಂಡಿತು. 1975ರ ಮಾದರಿಯ ಹೆಚ್ಚಿನ ಕಾರುಗಳು ಡಬ್ಬಿಯೊಡನೆಯೇ ಬಂದವು. ಕಾರ್ನಿಂಗ್ ಕಂಪನಿಯವರು ಜೇನುಗೂಡಿನಂತೆ ಸಣ್ಣ ಸಣ್ಣ ರಂಧ್ರಗಳಿರುವ ಪಿಂಗಾಣಿಯ ಇಟ್ಟಿಗೆಯೊಂದನ್ನು ತಯಾರಿಸಿದ್ದರು. ಆ ರಂಧ್ರಗಳ ಗೋಡೆಗೆ ಪ್ಲಾಟಿನಂ, ಪಲೇಡಿಯಂಗಳ ತೆಳುಲೇಪ. ಹೊಗೆ ಇದರೊಳಗೆ ಹಾಯುವಾಗ ವಿಷಗಾಳಿಯಾದ ಕಾರ್ಬನ್ ಮಾನಾಕ್ಸೈಡು ಕಾರ್ಬನ್ ಡೈಆಕ್ಸೈಡಾಗುತ್ತದೆ. ಉರಿಯದ ಪೆಟ್ರೋಲು ಉರಿದು ನೀರಾವಿ ಮತ್ತು ಅದೇ ಡೈಆಕ್ಸೈಡಾಗುತ್ತದೆ. ಮುಂದೆ ರೋಡಿಯಂ ಲೋಹವೂ ಸೇರಿ, ಸಾರಜನಕದ ಆಕ್ಸೈಡುಗಳನ್ನೂ ಒಡೆಯುವ, ಮೂರೂ ಕೆಲಸ ಒಟ್ಟಿಗೆ ಮಾಡುವ ಡಬ್ಬಿ ಸಿದ್ಧವಾಯಿತು.

ಆದರೆ ಈ ಮೂರು ಕೆಲಸಗಳು ಒಟ್ಟಿಗೆ ನಡೆಯಬೇಕಾದರೆ ಗಾಳಿ ಮತ್ತು ಪೆಟ್ರೋಲಿನ ಪ್ರಮಾಣ ಕರಾರುವಾಕ್ಕಾಗಿರಬೇಕು. ತೂಕದಲ್ಲಿ 1 ಭಾಗ ಪೆಟ್ರೋಲಿಗೆ ಸುಮಾರು 14.7 ಭಾಗ ಗಾಳಿ. ಗಾಳಿ ಹೆಚ್ಚಾದರೆ ಸಾರಜನಕದ ಆಕ್ಸೈಡು ಉಳಿಯುತ್ತದೆ, ಕಡಿಮೆಯಾದರೆ ಮಾನಾಕ್ಸೈಡು ಉಳಿಯುತ್ತದೆ. ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಎಂದು ನೋಡಿ ಎಂಜಿನ್ನಿಗೆ ಹೇಳುವ ಆಕ್ಸಿಜನ್ ಸೆನ್ಸರನ್ನು ಬಾಷ್ ಕಂಪನಿ ರೂಪಿಸಿತು. 1977ರ ಮಾದರಿಯ ವೋಲ್ವೋ ಕಾರುಗಳು ಅದನ್ನು ತೊಟ್ಟು ಕ್ಯಾಲಿಫೋರ್ನಿಯಾದ ರಸ್ತೆಗಿಳಿದವು.

ಹೀಗೆ ಇತಿಹಾಸವೇ ಈ ಡಬ್ಬಿಯ ಮೂರು ಕರಾರುಗಳನ್ನು ಬರೆದಿಟ್ಟಿದೆ. ಪೆಟ್ರೋಲಿನಲ್ಲಿ ಸೀಸವಿರಬಾರದು. ಮಿಶ್ರಣದ ಅಳತೆ ತಪ್ಪಬಾರದು. ಮೂರನೆಯದು ಬಿಸಿ: ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್ ಮುಟ್ಟುವ ತನಕ ಡಬ್ಬಿ ಕಣ್ಣನ್ನೇ ತೆರೆಯುವುದಿಲ್ಲ. ಇವುಗಳಲ್ಲಿ ಒಂದು ತಪ್ಪಿದರೂ ಅದು ಗಾಡಿ ಹೊರುವ ಬರಿಯ ಭಾರ.

ನಮ್ಮ ದೇಶದಲ್ಲಿ ಏನಾಯಿತು? ವಕೀಲ ಎಂ. ಸಿ. ಮೆಹ್ತಾ ಅವರು ದೆಹಲಿಯ ವಾಯುಮಾಲಿನ್ಯದ ಬಗ್ಗೆ 1985ರಲ್ಲಿ ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಅರ್ಜಿಯಿಂದ ಸರ್ಕಾರದ ಮೇಲೆ ಒತ್ತಡ ಬೆಳೆಯಿತು. 1995ರ ಏಪ್ರಿಲ್ 1ರಿಂದ ದೆಹಲಿ, ಮುಂಬಯಿ, ಕಲ್ಕತ್ತಾ, ಮದರಾಸುಗಳಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಡಬ್ಬಿ ಕಡ್ಡಾಯವಾಯಿತು. ಆ ನಗರಗಳಲ್ಲಿ ಸೀಸರಹಿತ ಪೆಟ್ರೋಲೂ ಬಂದಿತು. 1998ರ ಸೆಪ್ಟೆಂಬರಿನಿಂದ ಈ ನಿಯಮ 45 ನಗರಗಳಿಗೆ ಹಬ್ಬಿತು. ಆದರೆ ಕಾರೆಂಬುದು ನಗರದ ಗಡಿಯಲ್ಲಿ ನಿಂತುಬಿಡುವ ವಸ್ತುವಲ್ಲ. ದೇಶದ ಎಲ್ಲ ಬಂಕುಗಳಲ್ಲಿ ಸೀಸರಹಿತ ಪೆಟ್ರೋಲು ಸಿಗಲಾರಂಭಿಸಿದ್ದು 2000ದ ಫೆಬ್ರುವರಿ 1ರಿಂದ. ನಡುವಣ ಆ ವರ್ಷಗಳಲ್ಲಿ ಡಬ್ಬಿಯ ಕಾರಿನಲ್ಲಿ ದೂರ ಪ್ರಯಾಣ ಹೊರಟು ದಾರಿಯಲ್ಲಿ ಸಿಕ್ಕ ಪೆಟ್ರೋಲು ಹಾಕಿಸಿಕೊಂಡವರು ತಮಗೆ ತಿಳಿಯದೆಯೇ ಅದಕ್ಕೆ ವಿಷ ಕುಡಿಸಿದರು. ಅಮೆರಿಕದಲ್ಲಿ ಪೆಟ್ರೋಲು ಮೊದಲು, ಡಬ್ಬಿ ಅನಂತರ. ನಮ್ಮಲ್ಲಿ ಅನೇಕ ಊರುಗಳ ಪಾಲಿಗೆ ಈ ಕ್ರಮ ತಿರುವುಮುರುವಾಯಿತು. “ಕ್ಯಾಟ್‌ಕಾನ್ ಎಂದರೆ ಬೇಗ ಕಟ್ಟಿಕೊಳ್ಳುವ ತೊಂದರೆ” ಎಂಬ ಅಪಖ್ಯಾತಿ ಗ್ಯಾರೇಜುಗಳಲ್ಲಿ ಬೇರೂರಲು ಆ ದಿನಗಳೂ ಒಂದು ಕಾರಣವಾಗಿರಬೇಕೆಂದು ನಮ್ಮ ಊಹೆ.

ಸೀಸ ಕೆಡಿಸಿದ್ದು ಡಬ್ಬಿಯನ್ನು ಮಾತ್ರವೇ ಅಲ್ಲ. ಬೆಂಗಳೂರಿನ ಜಾರ್ಜ್ ಪ್ರತಿಷ್ಠಾನದವರು 1990ರ ದಶಕದ ಕೊನೆಯಲ್ಲಿ ಬೆಂಗಳೂರು, ಹೈದರಾಬಾದು ಸೇರಿದಂತೆ ದೇಶದ ಏಳು ನಗರಗಳಲ್ಲಿ ಜನರ ರಕ್ತ ಪರೀಕ್ಷೆ ನಡೆಸಿದರು. ಪರೀಕ್ಷೆಗೊಳಗಾದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ರಕ್ತದಲ್ಲಿ ಸೀಸದ ಅಂಶ ಅಂದು ಅಪಾಯದ ಗೆರೆಯೆನಿಸಿದ್ದ, ಡೆಸಿಲೀಟರಿಗೆ 10 ಮೈಕ್ರೋಗ್ರಾಂ ಮಟ್ಟವನ್ನು ಮೀರಿತ್ತು. ಮಗುವಿನ ಬುದ್ಧಿಯ ಬೆಳವಣಿಗೆಯನ್ನೇ ಕುಂಠಿಸುವ ವಸ್ತು ಇದು. 1999ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಇದೇ ವಿಷಯವಾಗಿ ಅಂತರರಾಷ್ಟ್ರೀಯ ಸಮ್ಮೇಳನವೊಂದು ನಡೆಯಿತು. ಮರುವರ್ಷವೇ ಸೀಸದ ಪೆಟ್ರೋಲು ದೇಶದಿಂದ ಹೊರಟುಹೋಯಿತು. ಇಡೀ ಲೋಕದಲ್ಲಿ ಕಡೆಯದಾಗಿ ಅಲ್ಜೀರಿಯಾ ದೇಶ 2021ರಲ್ಲಿ ಅದನ್ನು ಬಿಟ್ಟಿತು. ಹೊಗೆಯ ಡಬ್ಬಿಯ ನೆಪದಲ್ಲಿ ಹೊರಬಿದ್ದ ಸೀಸ ನಮ್ಮ ಮಕ್ಕಳ ರಕ್ತದಿಂದಲೂ ಇಳಿಯತೊಡಗಿತೆಂಬುದನ್ನು ಮರೆಯಬಾರದು.

ಸೀಸ ಹೋದ ಮೇಲೆ ಗಂಧಕ ಉಳಿಯಿತು. ಗಂಧಕ ಸೀಸದಷ್ಟು ಕ್ರೂರಿಯಲ್ಲ, ಆದರೂ ಕ್ರಿಯಾವರ್ಧಕವನ್ನು ಮಂಕುಗೊಳಿಸುತ್ತದೆ. 2010ರ ಏಪ್ರಿಲಿನಲ್ಲಿ ಹೈದರಾಬಾದು, ಬೆಂಗಳೂರು ಮೊದಲಾದ ದೊಡ್ಡ ನಗರಗಳಿಗೆ ಭಾರತ್ ಸ್ಟೇಜ್ 4ರ ಪೆಟ್ರೋಲು ಬಂದಿತು. ಅದರಲ್ಲಿ ಗಂಧಕದ ಮಿತಿ ಹತ್ತು ಲಕ್ಷಕ್ಕೆ 50 ಭಾಗ. ಶಂಶಾಬಾದು ದಾಟಿ ಹೆದ್ದಾರಿ ಹಿಡಿದರೆ ದಾರಿಯ ಊರುಗಳಲ್ಲಿ ಇನ್ನೂ ಕೆಲವು ವರ್ಷ 150 ಭಾಗದ ಪೆಟ್ರೋಲೇ. ಒಂದೇ ರಸ್ತೆ, ಎರಡು ತುದಿಗಳಲ್ಲಿ ಒಂದು ಬಗೆ, ನಡುವೆ ಇನ್ನೊಂದು ಬಗೆ! 2017ರಲ್ಲಿ ಈ ಭೇದ ದೇಶದಾದ್ಯಂತ ಹೋಯಿತು. 2020ರ ಏಪ್ರಿಲಿನಿಂದ ಸ್ಟೇಜ್ 6 ಬಂದು ಮಿತಿ 10 ಭಾಗಕ್ಕಿಳಿಯಿತು.

ಈ ವಿದ್ಯೆಗೆ ಕನ್ನಡನಾಡಿನ ಕಾಣಿಕೆಯೂ ಉಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಎಂ. ಎಸ್. ಹೆಗಡೆ ಅವರೂ ಅವರ ಸಂಗಡಿಗರೂ ಪಲೇಡಿಯಂ, ಪ್ಲಾಟಿನಂಗಳನ್ನು ಲೋಹದ ಕಣಗಳಾಗಿ ಬಳಿಯುವ ಬದಲು ಸೀರಿಯಂ ಆಕ್ಸೈಡಿನ ಹರಳಿನೊಳಗೆ ಅಯಾನುಗಳಾಗಿ ಕೂರಿಸುವ ಕ್ರಮವನ್ನು ಬೆಳೆಸಿದರು. ಹೀಗೆ ಮಾಡಿದರೆ ಕಡಿಮೆ ಲೋಹದಿಂದಲೇ ಹೆಚ್ಚು ಕೆಲಸ ತೆಗೆಯಬಹುದು. ಇದರ ಬೆಲೆ ತಿಳಿಯಬೇಕಾದರೆ ಪೇಟೆಯನ್ನು ನೋಡಬೇಕು. 2021ರಲ್ಲಿ ರೋಡಿಯಂ ಒಂದು ಔನ್ಸಿಗೆ 20,000 ಡಾಲರನ್ನೂ ಮೀರಿತ್ತು. ನಿಲ್ಲಿಸಿದ ವ್ಯಾನುಗಳ ಸೈಲೆನ್ಸರನ್ನೇ ಬಿಚ್ಚಿ ಒಯ್ಯುವ ಕಳ್ಳರ ಸುದ್ದಿ ನಮ್ಮ ನಗರಗಳ ಪತ್ರಿಕೆಗಳಲ್ಲಿ ಬಂದದ್ದೂ ಆ ಕಾಲದಲ್ಲೇ. ನಮ್ಮ ಹುಡುಗನ ಮೂಲ ಡಬ್ಬಿಯೂ ನಾವು ಹುಡುಕಿ ಹೋಗುವಷ್ಟರಲ್ಲಿ ಗುಜರಿಯ ಪಾಲಾಗಿ ಕೈತಪ್ಪಿಹೋಗಿತ್ತು.

ಹಾಗಾಗಿ ಪೇಟೆಯಲ್ಲಿ ಸಿಗುವ ಬದಲಿ ಡಬ್ಬಿಯನ್ನು ಕೊಳ್ಳಬೇಕಾಯಿತು. ಮೊದಲ ಭಾನುವಾರ ಉಸ್ತಾದನು ಅದನ್ನು ಸುಲಭವಾಗಿ ಜಾಗ ಸಿಕ್ಕ ಕಡೆ, ಅಂದರೆ ಹಿಂದಿನ ಸೀಟಿನ ಕೆಳಗೆ, ಕೊಳವೆ ಕತ್ತರಿಸಿ ವೆಲ್ಡಿಂಗ್ ಮಾಡಿ ಕೂರಿಸಿದ. ಹೊಗೆ ಪರೀಕ್ಷೆಯಲ್ಲಿ ಕಾರು ನಪಾಸಾಯಿತು. ಆ ಕಾಲದ ಕಾರುಗಳಿಗೆ ನಿಂತಲ್ಲಿ ಓಡುವಾಗ ಮಾನಾಕ್ಸೈಡಿನ ಮಿತಿ ನೂರಕ್ಕೆ 0.5; ನಮ್ಮದು ಅದನ್ನು ಮೀರಿತ್ತು. “ಡಬ್ಬಿ ಹಾಕಿದರೂ ಇಷ್ಟೇ, ನಾನು ಮೊದಲೇ ಹೇಳಲಿಲ್ಲವೇ?” ಎಂದ ಉಸ್ತಾದ.

ಅಮೆರಿಕದ ಪರಿಸರ ಇಲಾಖೆ 1986ರ ಆಗಸ್ಟಿನಲ್ಲಿ ಬದಲಿ ಡಬ್ಬಿಗಳಿಗೆ ಅನುಮತಿ ಕೊಟ್ಟಾಗ ವಿಧಿಸಿದ ಕಟ್ಟಳೆಗಳು ಆಗ ನಮ್ಮ ನೆರವಿಗೆ ಬಂದವು. ಡಬ್ಬಿ ಆ ಗಾಡಿಗೆ ತಕ್ಕ ಬಗೆಯದಾಗಿರಬೇಕು. ಮೂಲ ಡಬ್ಬಿ ಎಲ್ಲಿತ್ತೋ ಅಲ್ಲಿಯೇ ಅದನ್ನು ಕೂರಿಸಬೇಕು ಎಂದು ಅದರಲ್ಲಿ ಹೇಳಿದೆ. ಜಾಗದ ಮಾತು ಏಕೆಂಬುದು ಮೇಲಿನ ಮೂರನೆಯ ಕರಾರನ್ನು ನೆನೆದರೆ ತಿಳಿಯುತ್ತದೆ. ಮ್ಯಾನಿಫೋಲ್ಡಿನ ಬುಡದಲ್ಲಿದ್ದ ಡಬ್ಬಿ ಒಂದೆರಡು ನಿಮಿಷದಲ್ಲಿ ಕಾಯುತ್ತಿತ್ತು. ಹೆಡರಿನ ಕೊಳವೆಗಳು ಉದ್ದ. ನಾಲ್ಕು ಸಿಲಿಂಡರುಗಳ ಹೊಗೆ ಒಂದರ ಕಾಲು ಒಂದು ತುಳಿಯದಂತೆ ಬೇರೆ ಬೇರೆಯಾಗಿ ಹರಿದು ಮುಂದೆ ಕೂಡಲಿ ಎಂದೇ ಅವನ್ನು ಹಾಗೆ ಮಾಡಿರುತ್ತಾರೆ. ಅಷ್ಟು ದೂರ ಬಂದ ಹೊಗೆ ಮತ್ತೂ ಹಿಂದೆ ಸೀಟಿನ ಕೆಳಗೆ ಮುಟ್ಟುವ ಹೊತ್ತಿಗೆ ಆರಿಹೋಗಿರುತ್ತದೆ. ಡಬ್ಬಿ ಇತ್ತು, ನಿದ್ದೆ ಮಾಡುತ್ತಿತ್ತು.

ಎರಡನೆಯ ಭಾನುವಾರ ಮತ್ತೆ ಬಿಚ್ಚಿದೆವು. ನಾಲ್ಕು ಕೊಳವೆಗಳು ಒಂದಾಗುವ ಜಾಗದ ಬೆನ್ನಿಗೇ ಡಬ್ಬಿಯನ್ನು ತಂದೆವು. ಅದರ ಮೈಮೇಲಿನ ಬಾಣದ ಗುರುತು ಹೊಗೆ ಹರಿಯುವ ದಿಕ್ಕಿಗೇ ಇದೆಯೆಂದು ನೋಡಿಕೊಂಡೆವು. ಮೊದಲ ಆಕ್ಸಿಜನ್ ಸೆನ್ಸರು ಒಂದೇ ಒಂದು ಕೊಳವೆಯಲ್ಲಿ ಕೂತು ಒಂದೇ ಸಿಲಿಂಡರಿನ ಸುದ್ದಿ ಹೇಳುತ್ತಿತ್ತು. ಅದನ್ನು ನಾಲ್ಕೂ ಕೂಡಿದ ಮೇಲೆ, ಡಬ್ಬಿಗೆ ಮುಂಚೆ, ಬರುವಂತೆ ಮಾಡಲಾಯಿತು. ಡಬ್ಬಿಯ ಕೆಲಸವನ್ನು ಕಾಯುವ ಎರಡನೆಯ ಸೆನ್ಸರು ಅದರ ಹಿಂದಕ್ಕೆ ಹೋಯಿತು. ವೆಲ್ಡಿಂಗ್ ಮಾಡುವ ಮುನ್ನ ಬ್ಯಾಟರಿಯ ತಂತಿ ಬಿಚ್ಚಿದರು, ಗ್ಯಾಸ್ಕೆಟ್ ಹೊಸದು ಹಾಕಿದರು. ಇಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಹೊರಗಿನ ಗಾಳಿ ಒಳಸೇರಿ ಸೆನ್ಸರನ್ನು ಮೋಸಗೊಳಿಸುತ್ತದೆ. ಗಾಳಿ ಹೆಚ್ಚಾಯಿತೆಂದು ತಿಳಿದು ಎಂಜಿನ್ನು ಪೆಟ್ರೋಲನ್ನು ಹೆಚ್ಚು ಸುರಿಯುತ್ತದೆ, ಆ ಪೆಟ್ರೋಲು ಡಬ್ಬಿಯೊಳಗೆ ಉರಿದು ಪಿಂಗಾಣಿಯನ್ನೇ ಕರಗಿಸಬಲ್ಲುದು. ಈ ಭಯದಿಂದಲೇ ಹಳೆಯ ಸ್ಪಾರ್ಕ್ ಪ್ಲಗ್ಗುಗಳನ್ನೂ ಬದಲಾಯಿಸಿದೆವು. ಕಿಡಿ ತಪ್ಪುವ ಎಂಜಿನ್ನಿಗೆ ಹೊಸ ಡಬ್ಬಿ ಹಾಕುವುದು ತೂತಿನ ಕೊಡಕ್ಕೆ ನೀರು ತುಂಬಿದಂತೆ. ಕಾದ ಡಬ್ಬಿಗೂ ಗಾಡಿಯ ತಳಕ್ಕೂ ನಡುವೆ ಶಾಖ ತಡೆಯುವ ತಗಡನ್ನು ಮರಳಿ ಕಟ್ಟಿದೆವು.

ಸಂಜೆಯ ಪರೀಕ್ಷೆಯಲ್ಲಿ ಗಾಡಿ ಪಾಸಾಯಿತು. ಉಸಿರು ಕಟ್ಟುವ ಮಾತೇನಾಯಿತೆಂದು ಕೇಳಿದರೆ, ಹೆದ್ದಾರಿಯಲ್ಲಿ ಒಂದು ಸುತ್ತು ಹೋಗಿಬಂದ ಉಸ್ತಾದನೇ ನಕ್ಕು, “ಇಷ್ಟು ವ್ಯತ್ಯಾಸ ಗಾಡಿಗೆ ತಿಳಿದೀತು, ನಮಗೆ ತಿಳಿಯದು” ಎಂದ. ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ ಚಿಕ್ಕ ಹುಡುಗನೊಬ್ಬ ಇಡೀ ದಿನ ಗಾಡಿಯ ಹಿಂದುಗಡೆಯೇ ಕುಕ್ಕರುಗಾಲಿನಲ್ಲಿ ಕೂತಿದ್ದ. ಹಿಂದಿನ ಭಾನುವಾರ ಅವನು ಕೆಮ್ಮುತ್ತ ಎದ್ದೆದ್ದು ಹೋಗುತ್ತಿದ್ದುದನ್ನು ನಾವು ಕಂಡಿದ್ದೆವು. ಉಸ್ತಾದನಿಗೆ ಡಬ್ಬಿಯ ಕಥೆ ಹೇಳಿದಾಗ ಅವನು ಒಮ್ಮೆ ಆ ಹುಡುಗನ ಕಡೆ ನೋಡಿದ, ಏನೂ ಮಾತಾಡಲಿಲ್ಲ.

ಇದನ್ನು ಓದಿ ನಮ್ಮ ಯುವಕ ಸದಸ್ಯರು ಹೆಡರ್ ಕೊಳ್ಳಲು ಓಡಬಾರದು. ತಯಾರಕರು ನಿಗದಿ ಮಾಡಿದ್ದಕ್ಕೆ ವ್ಯತಿರಿಕ್ತವಾಗಿ ಗಾಡಿಯನ್ನು ಮಾರ್ಪಡಿಸುವುದಕ್ಕೆ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣ ಅಡ್ಡಬರುತ್ತದೆ. 2019ರ ತಿದ್ದುಪಡಿ, ಒಂದೊಂದು ಅಕ್ರಮ ಮಾರ್ಪಾಡಿಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ, ಇಲ್ಲವೆ ಎರಡನ್ನೂ ಹೇಳುತ್ತದೆ. ಹೊಗೆ ಪರೀಕ್ಷೆಯ ಚೀಟಿ ಈ ತಪ್ಪನ್ನು ಮುಚ್ಚುವುದಿಲ್ಲ. ಇದನ್ನು ನಾವು ಆ ಹುಡುಗನಿಗೂ ಹೇಳಿದ್ದೇವೆ. ಅವನು ಹಳೆಯ ಮ್ಯಾನಿಫೋಲ್ಡನ್ನು ಗುಜರಿಗೆ ಕೊಡದೆ ಅಟ್ಟದ ಮೇಲೆ ಇಟ್ಟುಕೊಂಡಿದ್ದ. ಹಣ ಕೂಡಿಸಿ, ಕಂಪನಿಯ ಡಬ್ಬಿಯನ್ನೇ ತರಿಸಿ, ಅದನ್ನು ಮರಳಿ ಹಾಕಿಸುವೆನೆಂದು ಮಾತು ಕೊಟ್ಟ. ಆದರೆ ಈಗಾಗಲೇ ಹೆಡರ್ ಹಾಕಿಸಿಕೊಂಡವರು ನಮ್ಮ ನಡುವೆ ಇದ್ದಾರೆ. ಅವರ ಗಾಡಿಗಳ ಹೊಗೆಯನ್ನು ಉಸಿರಾಡುವವರೂ ನಾವೇ. ಡಬ್ಬಿ ಇಲ್ಲದೆ ಒಂದು ದಿನವೂ ಓಡಿಸಬೇಡಿರೆಂದು ಅವರಲ್ಲಿ ನಮ್ಮ ಬಿನ್ನಹ.

ಲಾಸ್ ಏಂಜಲೀಸಿನ ಹೊಗೆಮಂಜಿನಿಂದ ಹೊರಟ ಈ ಡಬ್ಬಿ, ನಮ್ಮ ಗಾಡಿಗಳ ಕೆಳಗೆ ಬಂದು ಸೇರುವುದಕ್ಕೆ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಹಿಡಿಯಿತು. ವಿಜ್ಞಾನಿಗಳು, ವಕೀಲರು, ನ್ಯಾಯಾಧೀಶರು, ವೈದ್ಯರು ಇಷ್ಟು ಜನ ಅದನ್ನು ಕೈಯಿಂದ ಕೈಗೆ ದಾಟಿಸಿದರು. ಅದನ್ನು ಕಳಚಲು ಉಸ್ತಾದನಿಗೆ ಬೇಕಾದದ್ದು ಒಂದು ಪಾನಾ, ಅರ್ಧ ಗಂಟೆ. ಗ್ಯಾರೇಜಿನವನಿಗೆ ಈ ಕಥೆಯನ್ನು ಹೇಳುವ ಕೆಲಸ ಮಾತ್ರ ಯಾರ ಪಾಲಿಗೂ ಬಂದಿರಲಿಲ್ಲ. ಮುಂದಿನ ಸಲ ಗಾಡಿಯನ್ನು ರಿಪೇರಿಗೆ ಬಿಡುವಾಗ ನಮ್ಮಲ್ಲಿ ಒಬ್ಬೊಬ್ಬರೂ ಎರಡು ಮಾತು ಹೇಳಿದರೆ ಆ ಕೆಲಸ ಆದೀತು.

ಮೊನ್ನೆ ಬೆಳಿಗ್ಗೆ ಆ ಹುಡುಗ ಗಾಡಿ ಹೊರತೆಗೆಯುತ್ತಿದ್ದ. ಮೇಲಿನ ಅಡುಗೆಮನೆಯ ಕಿಟಕಿ ತೆರೆದೇ ಇತ್ತು.